ನಿಮ್ಮಿಷ್ಟ ಅಂದ್ರೆ ಹೂಂ ಅಂತಲ್ಲ

ಒಟ್ಟಿಗೆ ಧ್ಯಾನಕ್ಕೆ ಕೂರೋ ನಮ್ಮಲ್ಲಿ ಮೊದಲ ಜಗಳ ಆಗಿದ್ದು ದ್ವೈತ ಅದ್ವೈತದ ಬಗ್ಗೆ ಅಲ್ಲ, ಬಚ್ಚಲ ಹಂಡೆ ಬಗ್ಗೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸಿದ ಕೂಡ್ಲೆ ಇಬ್ಬರು ಎದ್ದು ಹೋಗಿ ಹಂಡೇಲಿದ್ದ ಬಿಸಿನೀರೆಲ್ಲ ಸುರ್ಕೊಂಡು ಬರೋರು, ಐದಕ್ಕೆ ಹೋದವರಿಗೆ ತಳದಲ್ಲಿ ಎರಡು ಚೊಂಬು ಉಗುರು ಬೆಚ್ಚಗಿನ ನೀರು. ಮಲೆನಾಡಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಹಂಡೆ ಕಾನೂನು ಗೊತ್ತು, ಎಷ್ಟು ಬಿಸಿನೀರು ತೋಡ್ತೀಯೋ ಅಷ್ಟು ತಣ್ಣೀರು ಹಾಕು, ಬರ್ತಾ ಒಲೆಗೆ ಒಂದು ಕೊಳ್ಳಿ ಮುಂದೆ ದೂಡು, ಇಲ್ಲಾಂದ್ರೆ ಒಂದು ಬುಟ್ಟಿ ಅಡಿಕೆ ಸಿಪ್ಪೆನಾದ್ರೂ ಸುರಿ. ಆದ್ರೆ ನಮ್ಮ ಹನ್ನೊಂದು ಜನರಲ್ಲಿ ಅರ್ಧಕ್ಕರ್ಧ ಗೀಸರ್ ಮನೆಯವರು. ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರೋದು ಸಹಜ ಅಂದ್ಕೊಂಡವರಿಗೆ ಅದರ ಹಿಂದೆ ಒಬ್ರು ಕೂತು ಹೊಗೆ ಕುಡಿದಿರ್ತಾರೆ ಅನ್ನೋದು ತಲೆಗೆ ಹೋಗೋಕೆ ಟೈಮ್ ಬೇಕು.

ಇದು ಎಲ್ಲಿ ಅಂತ ಹೇಳಿಬಿಡ್ತೀನಿ. ಹೊಸನಗರ ತಾಲ್ಲೂಕಲ್ಲಿ ನಮ್ಮ ದೊಡ್ಡಮ್ಮನ ತೊಟ್ಟಿ ಮನೆ, ಬಸ್ ಇಳಿದು ಎರಡು ಕಿಲೋಮೀಟರ್ ನಡೀಬೇಕು, ಮಳೆಗಾಲದಲ್ಲಿ ಆ ಎರಡು ಕಿಲೋಮೀಟರಿಗೆ ಕಾಲಿಗೆ ಎಷ್ಟು ಉಂಬಳ (ಜಿಗಣೆ) ಹತ್ತಿತು ಅಂತ ಲೆಕ್ಕ ಹಾಕೋದೇ ಬಂದವರಿಗೆ ಮೊದಲ ಧ್ಯಾನ. ಮಕ್ಕಳಲ್ಲಿ ಒಬ್ಬ ಬೆಂಗಳೂರು, ಇನ್ನೊಬ್ಬಳು ಅಮೆರಿಕ. ಅಷ್ಟು ದೊಡ್ಡ ಮನೇಲಿ ದೊಡ್ಡಮ್ಮ ಒಬ್ಬರೇ. ನಾನು ಕೆಲಸ ಬಿಟ್ಟು ಊರಿಗೆ ಬಂದು ಮುಂದೇನು ಅಂತ ಕೂತಿದ್ದಾಗ ಅವರೇ ಹೇಳಿದ್ದು, "ಅಪ್ಪಿ, ನಿನ್ನ ಕಣ್ಮುಚ್ಚಿ ಕೂರೋ ದೋಸ್ತಿಗಳನ್ನೆಲ್ಲ ಇಲ್ಲಿಗೇ ಕರ್ಕೊಂಡು ಬಾ, ಮನೆಗೆ ದೀಪ ಹಚ್ಚೋರಾದ್ರೂ ಸಿಗ್ತಾರೆ." ಹಾಗೆ ಶುರುವಾಯ್ತು. ಒಬ್ರು ತೀರ್ಥಹಳ್ಳಿಯ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಒಬ್ರು ಶಿವಮೊಗ್ಗದ ನರ್ಸ್, ಬ್ಯಾಂಕಿಂದ ವಿಆರ್‌ಎಸ್ ತಗೊಂಡ ರಾಯರು, ಲ್ಯಾಪ್‌ಟಾಪ್ ಹಿಡ್ಕೊಂಡೇ ಸಾಧನೆ ಮಾಡೋ ಗಂಡ ಹೆಂಡ್ತಿ, ಹೀಗೆ. ಹೆಸರು ಇಟ್ಟಿಲ್ಲ, ಬೋರ್ಡ್ ಇಲ್ಲ. ಹೆಸರಿಟ್ರೆ ರಿಜಿಸ್ಟ್ರೇಶನ್, ರಿಜಿಸ್ಟ್ರೇಶನ್ ಆದ್ರೆ ಅಧ್ಯಕ್ಷರು, ಅಧ್ಯಕ್ಷರಾದ ಮೇಲೆ ಹಾರ ತುರಾಯಿ. ಊರವರು ಮಾತ್ರ ಅವರ ಪಾಡಿಗೆ ಧ್ಯಾನದ ಮನೆ ಅಂತ ಕರೀತಾರೆ.

ಗುರುಗಳೂ ಇಲ್ಲ. ಇದೇ ದೊಡ್ಡ ತಲೆನೋವು ಅಂತ ಆವಾಗ ಗೊತ್ತಿರಲಿಲ್ಲ. ಗುರುಗಳಿರೋ ಕಡೆ ಎಲ್ಲ ಸಲೀಸು ಕಣ್ರೀ, ಗುರುಗಳು ನಾಲ್ಕಕ್ಕೆ ಏಳಿ ಅಂದ್ರೆ ನಾಲ್ಕು, ಮೂರಕ್ಕೆ ಅಂದ್ರೆ ಮೂರು, ಯಾರೂ ಮೀಟಿಂಗ್ ಕರೆಯಲ್ಲ. ನಮ್ಮಲ್ಲಿ ಎಲ್ಲರೂ ಸಮಾನರು ಅಂದ್ಕೊಂಡಿದ್ವಿ, ಅದಕ್ಕೆ ಒಲೆ ಯಾವಾಗ ಹಚ್ಚಬೇಕು, ಕಕ್ಕಸು ಯಾರು ತೊಳೀಬೇಕು, ಹೊಸಬರನ್ನ ಸೇರಿಸ್ಕೊಳ್ಳೋದಾ ಬೇಡ್ವಾ, ಎಲ್ಲದಕ್ಕೂ ಜಗಲಿ ಮೇಲೆ ಸಭೆ. ಹಂಡೆ ಜಗಳ ಮುಗಿಸೋಕೆ ಸೋಲಾರ್ ಹಾಕ್ಸಣ ಅಂತ ಒಬ್ರು ಎತ್ತಿದ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖ ನೋಡೋದೇ ಅಪರೂಪ ಇರೋ ಊರಲ್ಲಿ ಸೋಲಾರ್! ಆಗುಂಬೆ ನಮಗೆ ದೂರ ಏನಲ್ಲ, ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ, ನಮ್ಮಲ್ಲಿ ಅದಕ್ಕಿಂತ ಕಮ್ಮಿ ಇರ್ಬಹುದು, ಬಟ್ಟೆ ಒಣಗದ ವಿಷಯದಲ್ಲಿ ಮಾತ್ರ ಸಮ ಸಮ. ಆದ್ರೂ ಕೈ ಎತ್ತಿಸಿದ್ವಿ. ಆರು, ಐದು. ಆರು ಗೆದ್ದಿತು.

ಐದು ಜನ ಮೌನಕ್ಕೆ ಹೋದ್ರು.

ಇಲ್ಲೇ ನಮ್ಮ ಕಷ್ಟ ಇರೋದು ನೋಡಿ. ಬೇರೆ ಮನೆ ಆಗಿದ್ರೆ ಸಿಟ್ಟು ಬಂದವರು ಮಾತು ಬಿಡ್ತಾರೆ, ಮಾತು ಬಿಟ್ಟಿದ್ದು ಎಲ್ಲರಿಗೂ ಕಾಣ್ತದೆ, ಯಾರಾದ್ರೂ ಹೋಗಿ ಸಮಾಧಾನ ಮಾಡ್ತಾರೆ. ಧ್ಯಾನದ ಮನೇಲಿ ಮಾತಾಡದಿದ್ರೆ ಅದು ಸಾಧನೆ! ಆ ರಾಯರು ನಾಲ್ಕು ದಿನ ಮಾತಾಡಲಿಲ್ಲ, ನಾವು ಎಷ್ಟು ಒಳಗೆ ಹೋಗಿದ್ದಾರೆ ಅಂತ ಗೌರವದಿಂದ ದೂರ ನಿಂತ್ವಿ, ಐದನೇ ದಿನ ಬ್ಯಾಗ್ ಹಿಡ್ಕೊಂಡು ಬಸ್ ಹತ್ತೋವಾಗ ಗೊತ್ತಾಯ್ತು ಒಳಗೆ ಕುದೀತಾ ಇತ್ತು ಅಂತ. (ಆಮೇಲೆ ವಾಪಸ್ ಬಂದ್ರು. ಸೋಲಾರ್ ಬರಲೇ ಇಲ್ಲ, ಕೊಟೇಶನ್ ನೋಡಿ ಆರೂ ಜನ ತಣ್ಣಗಾದ್ರು.)

ಆ ವಾರವೇ ಮೇಷ್ಟ್ರು ಕೌಶಾಂಬಿ ಕಥೆ ಹೇಳಿದ್ದು. ಬುದ್ಧನ ಕಾಲದ್ದು. ಕೌಶಾಂಬಿಯ ವಿಹಾರದಲ್ಲಿ ಇಬ್ಬರು ದೊಡ್ಡ ಭಿಕ್ಷುಗಳು, ಒಬ್ಬರು ಧಮ್ಮ ಹೇಳೋರು, ಇನ್ನೊಬ್ಬರು ವಿನಯ ಅಂದ್ರೆ ನಿಯಮದ ಪಂಡಿತರು. ಧಮ್ಮದವರು ಕಕ್ಕಸಿಗೆ ಹೋಗಿ ಬರೋವಾಗ ಪಾತ್ರೇಲಿ ನೀರು ಉಳಿಸಿ ಬಂದ್ರು. ಇನ್ನೊಬ್ರು ಇದು ತಪ್ಪಲ್ವಾ ಅಂದ್ರು. ಗೊತ್ತಿರಲಿಲ್ಲ ಅಂದ್ರು ಇವರು. ಗೊತ್ತಿಲ್ದೆ ಮಾಡಿದ್ರೆ ತಪ್ಪಿಲ್ಲ ಬಿಡಿ ಅಂದ್ರು ಅವರು, ಅಲ್ಲಿಗೆ ಮುಗೀಬೇಕಿತ್ತು, ಆದ್ರೆ ಆಮೇಲೆ ತಮ್ಮ ಶಿಷ್ಯರ ಹತ್ರ ಹೋಗಿ ನೋಡ್ರೋ ಅವರು ತಪ್ಪು ಮಾಡಿದ್ರೂ ಗೊತ್ತಾಗಲ್ಲ ಅಂದ್ರಂತೆ. ಶಿಷ್ಯರು ಶಿಷ್ಯರಿಗೆ ಹೇಳಿದ್ರು. ಸಂಘ ಎರಡು ಭಾಗ ಆಯ್ತು. ಬುದ್ಧ ಬಂದು ಹೇಳಿದ್ರೂ ಕೇಳಲಿಲ್ಲ, ನೀವು ಆರಾಮಾಗಿರಿ, ಈ ಜಗಳ ನಾವು ನೋಡ್ಕೋತೀವಿ ಅಂದ್ರು. ಅವನು ಎದ್ದು ಕಾಡಿಗೆ ಹೋದ, ಅಲ್ಲಿ ಒಂದು ಆನೆ ಅವನ ಸೇವೆ ಮಾಡ್ತು ಅಂತ ಕಥೆ. ಕೊನೆಗೆ ಜಗಳ ಬಿಡಿಸಿದ್ದು ಬೋಧನೆ ಅಲ್ಲ. ಊರಿನ ಜನ ಭಿಕ್ಷೆ ಹಾಕೋದು ನಿಲ್ಲಿಸಿದ್ರು, ಹೊಟ್ಟೆ ಹಸಿದ ಮೇಲೆ ರಾಜಿ ಆಯ್ತು.

ಎರಡೂವರೆ ಸಾವಿರ ವರ್ಷದಿಂದ ಸಂಘಗಳು ಬಚ್ಚಲ ಪಾತ್ರೆಗೇ ಒಡೀತಾ ಬಂದಿವೆ ಅಂತ ಗೊತ್ತಾಗಿ ನಮಗೆ ಎಂತದೋ ಸಮಾಧಾನ. ನಾನು ಆಗ ಆ ಕಥೇಲಿ ಪಾತ್ರೆ ಮತ್ತೆ ಆನೆ ಮಾತ್ರ ನೋಡಿದ್ದು. ಭಿಕ್ಷೆ ಹಾಕೋ ಕೈ ನಿಂತಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅದಕ್ಕೆ ಮತ್ತೆ ಬರ್ತೀನಿ.

ಕೈ ಎತ್ತಿಸೋದು ಬೇಡ ಅಂತಾಯ್ತು. ಹಾಗಾದ್ರೆ ಹೇಗೆ? ಲ್ಯಾಪ್‌ಟಾಪ್ ದಂಪತಿಗಳು ಕ್ವೇಕರ್‌ಗಳ ಬಗ್ಗೆ ಹೇಳಿದ್ರು, ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಲ್ಲಿ ಶುರುವಾದ ಕ್ರಿಶ್ಚಿಯನ್ ಪಂಥ, ಪ್ರಾರ್ಥನೆನೂ ಮೌನದಲ್ಲಿ, ಸಭೆನೂ ಮೌನದಲ್ಲೇ ಶುರು. ವೋಟೇ ಇಲ್ಲ. ಕ್ಲರ್ಕ್ ಅಂತ ಒಬ್ರು ಇರ್ತಾರೆ, ನಮ್ಮ ತಾಲ್ಲೂಕು ಆಫೀಸಿನ ಗುಮಾಸ್ತರ ಥರ ಅಲ್ಲ, ಎಲ್ಲರ ಮಾತು ಕೇಳಿ ಒಟ್ಟು ಸಭೆ ಎತ್ತ ವಾಲ್ತಾ ಇದೆ ಅಂತ ಗ್ರಹಿಸಿ, ಅಲ್ಲೇ ಬರೆದು, ಅಲ್ಲೇ ಓದಿ, ಇದು ಸರಿನಾ ಅಂತ ಕೇಳೋದು ಅವರ ಕೆಲಸ. ಒಪ್ಪದವರು ನಾನು ಅಡ್ಡ ಬರಲ್ಲ ಆದ್ರೆ ನನ್ನ ಮನಸ್ಸಿಲ್ಲ ಅಂತ ಹೇಳಿ ಪಕ್ಕಕ್ಕೆ ನಿಲ್ಲಬಹುದು. ಮೇಷ್ಟ್ರಿಗೆ ಇದು ಹಿಡಿಸ್ತು, ಆದ್ರೆ ಇಂಗ್ಲೆಂಡ್ ಎಂತಕ್ಕೆ, ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಹೋದ ಅಲ್ಲಮ ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯ ಸಿಂಹಾಸನದ ಮೇಲೆ ಕೂರಲಿಲ್ವಾ, ಅದೇ ತಾಲ್ಲೂಕಿನ ಉಡುತಡಿಯ ಅಕ್ಕನ್ನ ಅಷ್ಟು ಪ್ರಶ್ನೆ ಕೇಳಿ ಆಮೇಲೆ ತಾನೇ ಒಳಗೆ ಸೇರಿಸ್ಕೊಂಡಿದ್ದು, ಅಂತ ಅರ್ಧ ಗಂಟೆ. ಮೇಷ್ಟ್ರಿಗೆ ಜಿಲ್ಲಾಭಿಮಾನ ಜಾಸ್ತಿ. ಆದ್ರೆ ಒಂದು ಪಾಯಿಂಟ್ ಎಲ್ಲರಿಗೂ ನಾಟ್ತು, ಸಭೆ ನಡೆಸೋರ ಪೀಠ ಖಾಲಿ ಇರಬೇಕು, ಅಂದ್ರೆ ಅವತ್ತು ನಡೆಸೋರು ತಮ್ಮ ಅಭಿಪ್ರಾಯ ಹೇಳಬಾರದು. ಇದನ್ನ ಇವತ್ತಿಗೂ ಪಾಲಿಸ್ತೀವಿ. ಮಾತಿನ ಚಟ ಇರೋರಿಗೆ ಮೂರು ದಿನ ಉಪವಾಸ ಇದಕ್ಕಿಂತ ಸುಲಭ, ನನ್ನನ್ನೂ ಸೇರಿಸಿ ಹೇಳ್ತಿದೀನಿ.

ಇನ್ನೊಂದು ಪದ್ಧತಿ ವಿನಯದಿಂದಲೇ ತಗೊಂಡ್ವಿ. ಸಂಘದಲ್ಲಿ ಹೊಸ ಭಿಕ್ಷುವನ್ನ ಸೇರಿಸ್ಕೊಳ್ಳೋ ಥರದ ದೊಡ್ಡ ವಿಷಯ ಬಂದ್ರೆ ಒಂದು ಸಲ ವಿಷಯ ತಿಳಿಸಿ, ಆಮೇಲೆ ಮೂರು ಸಲ ಕೇಳ್ತಾರೆ, ಒಪ್ಪಿದವರು ಸುಮ್ಮನಿರಿ, ಒಪ್ಪದವರು ಮಾತಾಡಿ ಅಂತ. ಮೂರೂ ಸಲ ಸುಮ್ಮನಿದ್ರೆ ಒಪ್ಪಿಗೆ. ವೋಟೂ ಇತ್ತು ಅವರಲ್ಲಿ, ಸಲಾಕೆ ಅಂತ ಕಡ್ಡಿ ಹಂಚಿ ಎಣಿಸೋದು, ಆದ್ರೆ ಅದು ಜಗಳ ಬೇರೆ ಥರ ಬಗೆಹರೀದೇ ಇದ್ದಾಗ. ಮೂರು ಸಲ ಕೇಳೋದು ನಮಗೆ ಭಾರಿ ಚೆನ್ನಾಗಿ ಕಾಣ್ತು, ನಮ್ಮಲ್ಲೂ ಮೌನಂ ಸಮ್ಮತಿ ಲಕ್ಷಣಂ ಅಂತ ಇದೆಯಲ್ಲ, ಹೊಂದ್ಕೊಂಡು ಹೋಯ್ತು. ಈರುಳ್ಳಿ ಬೆಳ್ಳುಳ್ಳಿ ವಿಷಯ ಹೀಗೆ ಐದೇ ನಿಮಿಷದಲ್ಲಿ ಮುಗೀತು. ಉಂಬಳ ಕಚ್ಚಿದಾಗ ಉಪ್ಪು ಸುಣ್ಣ ಹಾಕಿ ಕೊಲ್ಲೋದು ಹಿಂಸೆನಾ ಅನ್ನೋದಕ್ಕೆ ಮಾತ್ರ ಎರಡು ಸಂಜೆ ಹಿಡೀತು, ಕೊನೆಗೆ ದೊಡ್ಡಮ್ಮ ಬಂದು "ಕುಡಿದು ಹೊಟ್ಟೆ ತುಂಬಿದ್ರೆ ಅದೇ ಬೀಳ್ತದೆ, ಅಷ್ಟು ಅಹಿಂಸೆ ಇರೋರು ಕುಡಿಸಿ" ಅಂದ್ಮೇಲೆ ಸಭೆ ವಿಸರ್ಜನೆ.

ನಮಗೆ ಒಂದು ವಿದ್ಯೆ ಕೈಗೆ ಸಿಕ್ಕಿತು ಅಂತ ಜಂಬ ಬಂದಿದ್ದು ಆವಾಗಲೇ.

ಆಮೇಲೆ ಬಂದಿದ್ದು ಮಳೆಗಾಲದ ಶಿಬಿರದ ವಿಷಯ. ಬೌದ್ಧರ ವರ್ಷಾವಾಸ ಮೂರು ತಿಂಗಳು, ನಮ್ಮ ಮಠಗಳಲ್ಲಿ ಚಾತುರ್ಮಾಸ್ಯ, ಹೊಂಬುಜದ ಕಡೆ ಜೈನ ಮುನಿಗಳಿಗೂ ಅದೇ, ಮಳೆಗಾಲದಲ್ಲಿ ತಿರುಗಾಡದೆ ಒಂದು ಕಡೆ ಕೂರೋದು. ನಾವೂ ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು ಗಟ್ಟಿಯಾಗಿ ಕೂರಣ, ಹೊರಗಿನಿಂದ ಒಂದು ಆರೇಳು ಜನರನ್ನೂ ಸೇರಿಸ್ಕೊಳ್ಳಣ ಅಂತ. ಸರಿ, ಸಭೆ. ಈ ಸಲ ಎಲ್ಲರನ್ನೂ ಕರೀಬೇಕು ಅಂತ ಅಡುಗೆ ಅಕ್ಕನ್ನೂ ಕರೆದ್ವಿ. ಅಕ್ಕ ಅಂದ್ರೆ ಹೊಳೆ ಆಚೆ ಮನೆಯವರು, ಬೆಳಿಗ್ಗೆ ಏಳಕ್ಕೆ ಬಂದು ಮಧ್ಯಾಹ್ನದ ಅಡುಗೆ ಮುಗಿಸಿ ರಾತ್ರಿಗೆ ಗಂಜಿಗೋ ಕಡುಬಿಗೋ ತಯಾರಿ ಮಾಡಿಟ್ಟು ಹೋಗೋರು, ಅವರ ಕೈಯ ಒಂದೆಲಗದ ತಂಬುಳಿ ಕುಡಿದ ಮೇಲೆ ಮಧ್ಯಾಹ್ನದ ಧ್ಯಾನದಲ್ಲಿ ಅರ್ಧ ಜನ ನಿದ್ದೆ. ಬಂದ್ರು. ಜಗಲಿಗೆ ಹತ್ತಲಿಲ್ಲ, ಬಾಗಿಲ ಹತ್ರ ಕಂಬಕ್ಕೆ ಒರಗಿ ನಿಂತ್ರು. ಕೂರಿ ಅಕ್ಕ ಅಂದ್ವಿ, ಅಡ್ಡಿಲ್ಲ ಅಂದ್ರು. ಮೂರು ಸಲ ಕೇಳಿದ್ವಿ, ನಿಯಮದ ಪ್ರಕಾರ. ಎಲ್ಲರೂ ಸುಮ್ಮನೆ. ನಾನು ಅಕ್ಕನ ಕಡೆ ತಿರುಗಿ ವಿಶೇಷವಾಗಿ ಕೇಳಿದೆ, "ನಿಮಗೆ ಅಡ್ಡಿ ಇಲ್ವಾ ಅಕ್ಕ, ಮೂರು ತಿಂಗಳು ದಿನಾ ಹದಿನೆಂಟು ಜನರ ಅಡುಗೆ?"

"ನಿಮ್ಮಿಷ್ಟ ಅಣ್ಣ" ಅಂದ್ರು.

ಬರೆದುಕೊಂಡ್ವಿ. ಸರ್ವಾನುಮತ.

ಈಗ ಕೂತು ಯೋಚಿಸಿದ್ರೆ ನಾಚಿಕೆ ಆಗ್ತದೆ. ಇದೇ ಮಣ್ಣಲ್ಲಿ ಹುಟ್ಟಿದವನು ನಾನು, ನಮ್ಮ ಕಡೆ ಬೇಡ ಅನ್ನೋ ಪದ ಬಾಯಲ್ಲಿ ಬರೋದು ಎಷ್ಟು ಅಪರೂಪ ಅಂತ ಗೊತ್ತಿಲ್ವಾ? ಹೆಣ್ಣು ನೋಡಿ ಬಂದು "ತಿಳಿಸ್ತೀವಿ" ಅಂದ್ರೆ ಮುಗೀತು ಅಂತ ಅರ್ಥ. ತೋಟಕ್ಕೆ ಮದ್ದು ಹೊಡಿಯೋಕೆ ನಾಳೆ ಬರ್ತೀಯಾ ಅಂದ್ರೆ "ನೋಡಣ" ಅಂದ ಅಂದ್ರೆ ನಾಳೆ ಬರಲ್ಲ, ಬೇರೆಯವರನ್ನ ಹುಡುಕಿ ಅಂತ. ಹೂಂ ಅನ್ನೋದರಲ್ಲೇ ಎಷ್ಟು ಇದಾವೆ! ಗಿಡ್ಡ ಹೂಂ ಅಂದ್ರೆ ಕೇಳಿಸ್ತು ಅಂತ ಮಾತ್ರ. ಎಳೆದು ಹೂಂ... ಅಂದ್ರೆ ನೀ ಹೇಳೋದು ಹೇಳು ನಾ ಮಾಡೋದು ಮಾಡ್ತೀನಿ ಅಂತ. ಎರಡು ಸಲ ಹೂಂ ಹೂಂ ಅಂದ್ರೆ ಬೇಗ ಮುಗಿಸು ಮಾರಾಯ ಅಂತ. "ನಿಮ್ಮಿಷ್ಟ" ಇವೆಲ್ಲಕ್ಕಿಂತ ಮೇಲಿಂದು, ಅದರಲ್ಲಿ ನನ್ನ ಇಷ್ಟ ಇದಲ್ಲ ಅಂತ ಸ್ಪಷ್ಟವಾಗೇ ಇದೆ, ಕಿವಿ ಇದ್ದೋರಿಗೆ. ನಾವು ದಿನಕ್ಕೆ ಆರು ಗಂಟೆ ಮೌನದಲ್ಲಿ ಕೂತು ಉಸಿರಿನ ಸಪ್ಪಳ ಕೇಳೋ ಅಭ್ಯಾಸ ಮಾಡಿದವರು, ಎದುರು ನಿಂತವರ ಎರಡು ಮಾತು ಕೇಳಿಸಲಿಲ್ಲ.

ಆರಿದ್ರಾ ಮಳೆ ಕಳೀತು, ಪುನರ್ವಸು ಹೊಡೀತು. ಶಿಬಿರ ಶುರು. ಪುಷ್ಯ ಮಳೆ ಹಿಡಿದ ಮೂರನೇ ದಿನ ಅಕ್ಕ ಬರಲಿಲ್ಲ. ಹೊಳೆ ಏರಿದೆ, ಸಂಕ ದಾಟೋಕೆ ಆಗಿರಲ್ಲ ಅಂದ್ಕೊಂಡ್ವಿ. ಮಾರನೇ ದಿನವೂ ಇಲ್ಲ. ಫೋನ್ ಹೋಗಲ್ಲ, ಕರೆಂಟ್ ಹೋಗಿ ಆಗಲೇ ಮೂರು ದಿನ. ಹದಿನೆಂಟು ಜನಕ್ಕೆ ನರ್ಸ್ ಅಕ್ಕ ಮತ್ತೆ ನಾನು ಸೇರಿ ಮಾಡಿದ ಅನ್ನ ಸಾರು ತಿಂದು ಬೆಂಗಳೂರಿಂದ ಬಂದಿದ್ದ ಒಬ್ರು ಮೌನ ಮುರಿದು "ಉಪ್ಪು" ಅಂದ್ರು, ಒಂದೇ ಪದ. ಮೂರನೇ ದಿನ ದೊಡ್ಡಮ್ಮ ನನ್ನ ಕೈಗೆ ಕೊಡೆ ಕೊಟ್ಟು ಹೋಗಿ ನೋಡ್ಕೊಂಡು ಬಾ ಅಂದ್ರು.

ಅಕ್ಕ ಮನೇಲಿರಲಿಲ್ಲ. ಗದ್ದೇಲಿದ್ರು, ಅದೂ ಬೇರೆಯವರ ಗದ್ದೇಲಿ. ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ನೆಟ್ಟಿ ಮಾಡ್ತಾ ಇದ್ರು, ಗಂಡಸರು ಅಗೆ, ಅಂದ್ರೆ ಭತ್ತದ ಸಸಿ, ಕಟ್ಟು ಕಟ್ಟು ತಂದು ಎಸೀತಾ ಇದ್ರು. ನನ್ನ ನೋಡಿ ಅಕ್ಕ ಅಂಚಿಗೆ ಬಂದ್ರು, ಮುಖದಲ್ಲಿ ಸಿಟ್ಟು ಏನಿಲ್ಲ, ಒಂಥರ ಮುಜುಗರ. "ಮುಯ್ಯಾಳು ಅಣ್ಣ" ಅಂದ್ರು. "ಐದು ಮನೆಗೆ ಬಾಕಿ ಇದೆ."

ಗೊತ್ತಿಲ್ಲದವರಿಗೆ ಹೇಳ್ತೀನಿ. ಮುಯ್ಯಾಳು ಅಂದ್ರೆ ಆಳಿಗೆ ಆಳು. ಇವತ್ತು ನಿಮ್ಮ ಮನೆಯಿಂದ ಇಬ್ಬರು ನಮ್ಮ ಗದ್ದೆಗೆ ಬಂದ್ರೆ ನಾಳೆಯೋ ನಾಡಿದ್ದೋ ನಮ್ಮ ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ ಬರಬೇಕು. ದುಡ್ಡಿಲ್ಲ, ಊಟ ಕಾಫಿ ಅಷ್ಟೇ. ನೆಟ್ಟಿಗೆ ಟೈಮ್ ಅಂತ ಇರ್ತದೆ, ಅಗೆ ಬಲಿತು ಹೋದ್ರೆ ನೆಟ್ಟೂ ಪ್ರಯೋಜನ ಇಲ್ಲ, ಮಳೆ ನೀರು ಗದ್ದೇಲಿ ನಿಂತಿರೋವಾಗಲೇ ಆಗ್ಬೇಕು, ಒಂದು ಮನೆಯವರೇ ಮಾಡ್ತೀವಿ ಅಂದ್ರೆ ಆಗೋ ಕೆಲಸ ಅಲ್ಲ, ಕೂಲಿಗೆ ಕರೆಯೋಣ ಅಂದ್ರೆ ಅದೇ ವಾರ ಎಲ್ಲರಿಗೂ ಬೇಕು. ಅದಕ್ಕೆ ಇದು. ಅಕ್ಕನ ಅರ್ಧ ಎಕರೆ ಗದ್ದೆಗೆ ಹೋದ ವಾರ ಐದು ಮನೆಯವರು ಬಂದು ನೆಟ್ಟು ಹೋಗಿದ್ರು. ಈಗ ಅಕ್ಕ ಹೋಗದೇ ಇದ್ರೆ ಮುಂದಿನ ವರ್ಷ ಅವರ ಗದ್ದೆಗೆ ಒಬ್ರೂ ಇಳಿಯಲ್ಲ. ಜಗಳ ಮಾಡಲ್ಲ ಯಾರೂ, ಕೇಳೋಕೆ ಹೋದ್ರೆ "ನೋಡಣ" ಅಂತಾರೆ.

ನಾನು ಅಂದೆ, ಸಭೇಲಿ ಹೇಳಬಹುದಿತ್ತಲ್ಲ ಅಕ್ಕ, ಮೂರು ಸಲ ಕೇಳಿದ್ವಲ್ಲ. ಅಕ್ಕ ಕೈಯ ಕೆಸರು ನೋಡ್ತಾ ಅಂದ್ರು, "ನೀವೆಲ್ಲ ಬರೆದು ಇಟ್ಕೊಂಡಿದ್ರಿ. ಬೇಡ ಅನ್ನೋಕೆ ಆಗ್ತದಾ. ಆಷಾಢದಲ್ಲಿ ನೆಟ್ಟಿ ಇರ್ತದೆ ಅಂತ ಅಮ್ಮಂಗಾದ್ರೂ ಗೊತ್ತಿರ್ತದಲ್ಲ ಅಂದ್ಕೊಂಡೆ." ಅಮ್ಮ ಅಂದ್ರೆ ನಮ್ಮ ದೊಡ್ಡಮ್ಮ. ದೊಡ್ಡಮ್ಮಂಗೆ ಖಂಡಿತ ಗೊತ್ತಿತ್ತು. ಅವರನ್ನ ಸಭೆಗೇ ಕರೆದಿರಲಿಲ್ಲ ನಾವು, ಮನೆ ಯಜಮಾನ್ತಿ ಕೂತ್ರೆ ಬೇರೆಯವರು ಮಾತಾಡೋಕೆ ಹಿಂಜರೀತಾರೆ ಅಂತ, ಪೀಠ ಖಾಲಿ ಇರಬೇಕಲ್ಲ!

ವಾಪಸ್ ನಡ್ಕೊಂಡು ಬರೋವಾಗ ತಲೇಲಿ ಬಂದಿದ್ದು ಏನು ಗೊತ್ತಾ. ಬುದ್ಧ ವರ್ಷಾವಾಸದ ನಿಯಮ ಮಾಡಿದ್ದೇ ಯಾಕೆ? ಭಿಕ್ಷುಗಳು ಮಳೆಗಾಲದಲ್ಲೂ ತಿರುಗಾಡಿ ಹಸಿರು ಪೈರು ತುಳೀತಾರೆ, ಸಣ್ಣ ಸಣ್ಣ ಜೀವಗಳನ್ನ ಸಾಯಿಸ್ತಾರೆ ಅಂತ ಜನ ಗೊಣಗಿದ್ರು, ಅದಕ್ಕೆ. ಅಂದ್ರೆ ಪೈರು ಉಳೀಲಿ ಅಂತ ಹುಟ್ಟಿದ ನಿಯಮ. ನಾವು ಅದೇ ನಿಯಮ ಹಿಡ್ಕೊಂಡು ಪೈರು ನೆಡೋ ಕೈಯನ್ನೇ ಗದ್ದೆಯಿಂದ ಎಳ್ಕೊಂಡು ಬಂದು ತಂಬುಳಿ ಮಾಡು ಅಂತ ಕೂರಿಸಿದ್ವಿ. ಕೌಶಾಂಬಿ ಕಥೆಯ ಕೊನೆ ಭಾಗ ಆಗ ಸರಿಯಾಗಿ ಕೇಳಿಸ್ತು, ಅನ್ನ ಹಾಕೋ ಕೈ ನಿಂತ ಭಾಗ.

ಆ ರಾತ್ರಿ ದೀಪದ ಬೆಳಕಲ್ಲಿ ಎಲ್ಲರಿಗೂ ಹೇಳಿದೆ. ದೊಡ್ಡಮ್ಮನೂ ಕೂತಿದ್ರು ಈ ಸಲ. ಎಲ್ಲ ಕೇಳಿ ಆದ್ಮೇಲೆ ತುಂಬ ಹೊತ್ತು ಬಿಟ್ಟು ಅವರು ಒಂದು ಮಾತು ಹೇಳಿದ್ರು. ಅವರ ತವರು ಈಗ ಶರಾವತಿ ಹಿನ್ನೀರಿನ ಅಡಿ ಇದೆ. ಲಿಂಗನಮಕ್ಕಿ ಕಟ್ಟೆ ಮುಗಿದಿದ್ದು 1964ರಲ್ಲಿ, ಅದಕ್ಕೂ ಮುಂಚೆ ಇವರು ಸಣ್ಣ ಹುಡುಗಿ ಇದ್ದಾಗ ಸಾಹೇಬರು ಊರಿಗೆ ಬಂದು ಎಲ್ಲರನ್ನೂ ಕೂರಿಸಿ ಹೇಳಿದ್ರಂತೆ, ನೀರು ಬರ್ತದೆ, ಜಾಗ ಖಾಲಿ ಮಾಡಬೇಕು ಅಂತ. "ನಮ್ಮ ಅಪ್ಪಯ್ಯನೂ ಹೂಂ ಅಂದಿದ್ರು" ಅಂದ್ರು ದೊಡ್ಡಮ್ಮ. "ಹೂಂ ಅನ್ನದೆ ಮತ್ತೆಂತ ಅನ್ನೋಕಾಗ್ತಿತ್ತು." ಆಮೇಲೆ ಎದ್ದು ಒಲೆ ಆರಿಸೋಕೆ ಹೋದ್ರು.

ಯಾರೂ ಏನೂ ಮಾತಾಡಲಿಲ್ಲ. ಅವತ್ತಿನ ಮೌನ ಮಾತ್ರ ಎಂತದು ಅಂತ ಎಲ್ಲರಿಗೂ ಗೊತ್ತಿತ್ತು.

ಬೆಳಿಗ್ಗೆ ಮೇಷ್ಟ್ರೇ ಶುರು ಮಾಡಿದ್ದು, ಅಕ್ಕನ ಬಾಕಿ ನಾವು ತೀರಿಸಣ ಅಂತ. ಐದು ಮನೆ, ಒಂದೊಂದು ಮನೆಗೆ ಎರಡಾಳು, ಎರಡು ಮನೆದು ಅಕ್ಕ ಮತ್ತೆ ಅವರ ಮಗಳು ಆಗಲೇ ಮುಗಿಸಿದ್ರು. ಉಳಿದಿದ್ದು ಆರಾಳು. ನಾವು ಒಂಬತ್ತು ಜನ ಹೋದ್ವಿ, ಪಂಚೆ ಮೇಲೆ ಕಟ್ಕೊಂಡು, ಟ್ರ್ಯಾಕ್ ಪ್ಯಾಂಟ್ ಮಡಚ್ಕೊಂಡು. ಇಲ್ಲಿ ದೊಡ್ಡ ಸಾಹಸ ಮಾಡಿದ್ವಿ ಅಂತ ಬರೆಯೋ ಆಸೆ ಇದೆ, ಆದ್ರೆ ನಿಜ ಏನಂದ್ರೆ ನಾವು ಇಳಿದ ಅರ್ಧ ಗಂಟೆಗೆ ಗದ್ದೆ ಮನೆಯವರು ಬಹಳ ಗೌರವದಿಂದ ನಮ್ಮನ್ನ ಅಂಚಿಗೆ ಕಳಿಸಿದ್ರು. ಸಸಿ ಹಿಡಿಯೋದಕ್ಕೂ ಒಂದು ಹದ ಇದೆ, ಹೆಬ್ಬೆರಳಲ್ಲಿ ಬೇರು ಒತ್ತಿ ಬಿಡಬೇಕು, ಆಳಕ್ಕೆ ಹೋದ್ರೆ ಕೊಳೀತದೆ, ಮೇಲಾದ್ರೆ ತೇಲ್ತದೆ. ಬ್ಯಾಂಕ್ ರಾಯರು ನೆಟ್ಟ ಸಾಲು ಅವರ ಬೆನ್ನ ಹಿಂದೆ ಒಂದೊಂದಾಗಿ ತೇಲ್ಕೊಂಡು ಬರ್ತಿತ್ತು. ಹೆಂಗಸರು ನಕ್ಕೂ ನಕ್ಕೂ ಬಗ್ಗೋಕಾಗದೆ ನಿಂತ್ರು, ನಾವು ನೆಟ್ಟಿದ್ದನ್ನ ಕಿತ್ತು ಮತ್ತೆ ನೆಟ್ರು. ಕೊನೆಗೆ ನಮಗೆ ಸಿಕ್ಕಿದ್ದು ಅಗೆ ಕಟ್ಟು ಹೊರೋ ಕೆಲಸ, ಮತ್ತೆ ಕಾಫಿ ತರೋ ಕೆಲಸ. ಅದನ್ನ ಮೂರು ದಿನ ಮಾಡಿದ್ವಿ. ಸಂಜೆ ಧ್ಯಾನಕ್ಕೆ ಕೂತ್ರೆ ಸೊಂಟ ಬಿಟ್ಟು ಬೇರೆ ಯಾವುದರ ಮೇಲೂ ಗಮನ ಹೋಗ್ತಿರಲಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಹೊರಗಿನಿಂದ ಬಂದ ಇಬ್ಬರು, ನಾವು ಸಾಧನೆಗೆ ಬಂದಿದ್ದು ಕೆಸರು ತುಳಿಯೋಕಲ್ಲ ಅಂತ ಸ್ಪಷ್ಟವಾಗಿ ಹೇಳಿ ಹೊರಟರು. ಅವರ ಮೇಲೆ ನನಗೆ ಬೇಜಾರಿಲ್ಲ, ನಿಜವಾಗ್ಲೂ, ಆ ಇಡೀ ತಿಂಗಳಲ್ಲಿ ಬೇಡ ಅನ್ನೋದನ್ನ ಬಾಯಿ ಬಿಟ್ಟು ಹೇಳಿದವರು ಅವರಿಬ್ಬರೇ. ನಮ್ಮವರೇ ಒಬ್ರು ಮಾತ್ರ ವರ್ಷ ಕಳೆದ ಮೇಲೆ ಮೆಲ್ಲಗೆ ಬರೋದು ಬಿಟ್ರು, ಕಾರಣ ಇವತ್ತಿಗೂ ಹೇಳಿಲ್ಲ, ನಾನು ಎರಡು ಸಲ ಅವರ ಮನೆಗೆ ಹೋದೆ, ಹೋಳಿಗೆ ಊಟ ಹಾಕಿ ಕಳಿಸಿದ್ರು.

ಸಭೆ ಮಾಡೋ ರೀತಿ ಬದಲಾಗಿದೆ. ವಿಷಯ ಜಗಲೀಲಿ ಎತ್ತೋದು, ಆದ್ರೆ ಅವತ್ತೇ ತೀರ್ಮಾನ ಇಲ್ಲ. ಮೂರು ಸಲ ಕೇಳ್ತೀವಿ ಈಗಲೂ, ಒಂದೇ ಕೂತಲ್ಲಿ ಅಲ್ಲ, ಮಧ್ಯ ರಾತ್ರಿ ಮಲಗಿ ಏಳಬೇಕು. ಒಂದು ಸಲ ಜಗಲೀಲಿ. ಇನ್ನೊಂದು ಸಲ ಕೆಲಸದ ಮಧ್ಯ, ಅಡಿಕೆ ಸುಲಿಯೋ ಕಾಲ ಆದ್ರೆ ಮೆಟ್ಟುಗತ್ತಿ ಮುಂದೆ ಕೂತಾಗ, ಇಲ್ಲಾಂದ್ರೆ ಹಿತ್ತಿಲಲ್ಲಿ ಕೆಸುವಿನ ಸೊಪ್ಪು ಕೊಯ್ಯೋವಾಗ. ಕೈ ಕೆಲಸದಲ್ಲಿದ್ದು ಕಣ್ಣು ಕೆಳಗೆ ಇದ್ದಾಗ ಜನ ನಿಜ ಹೇಳ್ತಾರೆ, ಇದು ನಮ್ಮೂರಲ್ಲಿ ಅಡಿಕೆ ಸುಲಿದವರಿಗೆಲ್ಲ ಗೊತ್ತು, ಒಂದು ರಾತ್ರಿ ಸುಲಿಯೋಕೆ ಕೂತ್ರೆ ಊರಿನ ಅಷ್ಟೂ ಸಂಸಾರ ಹೊರಗೆ ಬರ್ತದೆ. ಮೂರನೇ ಸಲ ಒಬ್ಬೊಬ್ಬರನ್ನೇ. ಮತ್ತೆ ಪ್ರಶ್ನೆನೂ ಬದಲಾಯಿಸಿದ್ವಿ. ಅಡ್ಡಿ ಇಲ್ವಾ ಅಂತ ಕೇಳಲ್ಲ, ಹಾಗೆ ಕೇಳಿದ್ರೆ ಇಲ್ಲ ಅಂತಾನೇ ಉತ್ತರ ಬರೋದು. ಇದನ್ನ ಮಾಡಿದ್ರೆ ನಿಮ್ಮ ಮನೆ ಕೆಲಸದಲ್ಲಿ ಯಾವುದು ನಿಲ್ತದೆ ಅಂತ ಕೇಳ್ತೀವಿ. ಬರೆದು ಇಟ್ಕೊಳ್ಳೋದು ಎಲ್ಲ ಆದ್ಮೇಲೆ, ಪುಸ್ತಕ ನೋಡಿದ್ರೆ ಅಕ್ಕಂಗೆ ಈಗಾಗಲೇ ಆಗಿಹೋಗಿದೆ ಅಂತ ಅನ್ಸಿತ್ತಲ್ಲ.

ನಿಧಾನ ಆಗ್ತದೆ. ಒಂದು ಚಾವಣಿ ಹಂಚು ಹೊದೆಸೋ ತೀರ್ಮಾನಕ್ಕೆ ಒಂದು ತಿಂಗಳು ಹಿಡಿದು ಅಷ್ಟರಲ್ಲಿ ಮಳೆ ಬಂತು. ಭೂದಾನದ ವಿನೋಬಾ ಭಾವೆ 1959ರಲ್ಲಿ ಮಹಾರಾಷ್ಟ್ರದ ಪವನಾರ್‌ನಲ್ಲಿ ಹೆಣ್ಣುಮಕ್ಕಳಿಗೆ ಅಂತ ಶುರು ಮಾಡಿದ ಬ್ರಹ್ಮವಿದ್ಯಾ ಮಂದಿರದಲ್ಲೂ ಸರ್ವಸಮ್ಮತಿಯಿಂದಲೇ ನಡೀತದೆ, ಅವರಿಗೆ ಹೇಗೆ ಸಾಧ್ಯ ಆಗ್ತದೆ ಅಂತ ಮೇಷ್ಟ್ರನ್ನ ಕೇಳಿದೆ. ಅವರು ತಾವೇ ನೂಲ್ತಾರೆ, ತಾವೇ ಬೇಯಿಸ್ಕೋತಾರೆ, ಬೇರೆಯವರ ಕೈ ಮೇಲೆ ತೀರ್ಮಾನ ಮಾಡೋ ಪ್ರಮೇಯ ಕಮ್ಮಿ ಅಂದ್ರು. ಆ ಉತ್ತರ ನನ್ನನ್ನ ಇನ್ನೂ ಚುಚ್ಚುತ್ತೆ. ನಾವು ಅಷ್ಟು ದೂರ ಹೋಗಿಲ್ಲ. ವಾರದಲ್ಲಿ ಎರಡು ದಿನ ಅಡುಗೆ ನಮ್ಮದು, ನೆಟ್ಟಿ ಕೊಯ್ಲಿನ ಹದಿನೈದು ಹದಿನೈದು ದಿನ ಪೂರ್ತಿ ನಮ್ಮದು, ಅಕ್ಕಂಗೆ ಆ ದಿನಗಳ ಸಂಬಳ ಕತ್ತರಿಸಲ್ಲ. ಉಪ್ಪಿನ ಬಗ್ಗೆ ಈಗ ದೂರು ಇಲ್ಲ. ಬೆಳಗಿನ ನಾಲ್ಕಕ್ಕೆ ಬಾರಿಸೋ ಗಂಟೆಯ ಜಗಳ ಇನ್ನೂ ಹಾಗೇ ಇದೆ, ನಾಲ್ಕೂವರೆ ಪಾರ್ಟಿ ಬೆಳೀತಾ ಇದೆ, ನಾನು ಅದರಲ್ಲಿದೀನಿ.

ವರ್ಷಾವಾಸ ಮುಗಿಯೋ ಹುಣ್ಣಿಮೆ ದಿನ ಭಿಕ್ಷುಗಳು ಪವಾರಣಾ ಅಂತ ಮಾಡ್ತಾರೆ, ಒಬ್ಬೊಬ್ಬರೇ ಕೈ ಮುಗಿದು, ನನ್ನಲ್ಲಿ ತಪ್ಪು ನೋಡಿದ್ರೆ, ಕೇಳಿದ್ರೆ, ಅನುಮಾನ ಬಂದಿದ್ರೂ ಸೈ, ಕರುಣೆಯಿಂದ ಹೇಳಿ ಅಂತ ಬೇಡಿಕೊಳ್ಳೋದು. ಮೊನ್ನೆ ನಾವೂ ಮಾಡಿದ್ವಿ. ಅಕ್ಕ ಈಗ ಜಗಲಿ ಮೇಲೆ ಕೂರ್ತಾರೆ, ಗೋಡೆಗೆ ಒರಗಿ, ದೊಡ್ಡಮ್ಮನ ಪಕ್ಕ, ಇಬ್ಬರ ಮಧ್ಯ ಎಲೆ ಅಡಿಕೆ ತಟ್ಟೆ. ನನ್ನ ಸರದಿ ಬಂದಾಗ ಮೇಷ್ಟ್ರು ನಾನು ಮಾತಿಗೆ ಅಡ್ಡ ಬಾಯಿ ಹಾಕ್ತೀನಿ ಅಂದ್ರು, ನರ್ಸ್ ಅಕ್ಕ ಹಂಡೆಗೆ ನೀರು ಹಾಕೋದು ನಾನೂ ಮರೀತೀನಿ ಅಂದ್ರು, ಹೌದು, ನಾನೇ, ಅಷ್ಟೆಲ್ಲ ಬರೆದವನು. ಅಕ್ಕ ಏನೂ ಹೇಳಲಿಲ್ಲ. ನಾನು ಕೇಳಿದೆ, ನಿಮಗೇನೂ ಇಲ್ವಾ ಅಕ್ಕ.

"ಲೆಕ್ಕ ಒಂದು ಬಾಕಿ ಇದೆ ಅಣ್ಣ" ಅಂದ್ರು. ನೆಟ್ಟಿ ಟೈಮಲ್ಲಿ ಅವರ ಗದ್ದೆಗೆ ನಾವು ಬರ್ತೀವಿ ಅಂತ ಹೇಳಿ ಹೋಗದೇ ಇದ್ದಿದ್ದು ಎರಡಾಳು. ನಮ್ಮ ಯಾರ ಪುಸ್ತಕದಲ್ಲೂ ಅದು ಇರಲಿಲ್ಲ. ಕೊಯ್ಲಿಗೆ ಬಂದು ತೀರಿಸ್ತೀವಿ ಅಂದೆ.

"ಕೊಯ್ಲಿಗೆ ಬೇಡ" ಅಂದ್ರು ಅಕ್ಕ, ಎಲೆಗೆ ಸುಣ್ಣ ಹಚ್ತಾ. "ಕತ್ತಿ ಕೊಟ್ರೆ ಕೈ ಕುಯ್ಕೋತೀರಿ. ಹುಲ್ಲು ಹೊರೋಕೆ ಬನ್ನಿ."